ಎರಡು ಮನೆಯಿಂದ ಎರಡೂವರೆ ಮನೆಗೆ: ಕೋಲ್ಟ್ರೇನ್ ಕ್ವಾರ್ಟೆಟ್‌ನ ಅರ್ಧ ಗಂಟೆ

1963ರ ಡಿಸೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೊದ ಕೆಕ್ಯೂಇಡಿ ಟಿವಿ ಕೇಂದ್ರಕ್ಕಾಗಿ ನಾಲ್ಕು ಜನ ಅರ್ಧ ಗಂಟೆ ಜಾಝ್ ನುಡಿಸಿದರು. ಸ್ಯಾಕ್ಸೊಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಪಿಯಾನೊದಲ್ಲಿ ಮೆಕಾಯ್ ಟೈನರ್, ಬೇಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್. ನುಡಿಸಿದ್ದು ಮೂರೇ ರಚನೆ: ‘ಆಫ್ರೋ ಬ್ಲೂ’, ‘ಅಲಬಾಮಾ’, ‘ಇಂಪ್ರೆಷನ್ಸ್’. ಕಪ್ಪು ಬಿಳುಪಿನ ಆ ಚಿತ್ರೀಕರಣ ಉಳಿದುಕೊಂಡಿದೆ. ಇವತ್ತು ಯಾರು ಬೇಕಾದರೂ ನೋಡಬಹುದು.

ಕಛೇರಿ ಕೇಳಿ ಬೆಳೆದ ನಮ್ಮಲ್ಲಿ ಅನೇಕರಿಗೆ ಜಾಝ್ ಅಂದರೆ ಒಂಥರಾ ಗೊಂದಲ. ಎಲ್ಲರೂ ಒಟ್ಟಿಗೆ ತಮಗೆ ತೋಚಿದ್ದನ್ನು ನುಡಿಸುತ್ತಿದ್ದಾರೆ, ಎಲ್ಲಿ ಶುರು, ಎಲ್ಲಿ ಮುಗಿತಾಯ ಗೊತ್ತಾಗುವುದಿಲ್ಲ ಅನ್ನುವ ಮಾತನ್ನು ಸಾಕಷ್ಟು ಕೇಳಿದ್ದೇನೆ. ನನ್ನ ಅಭಿಪ್ರಾಯ ಬೇರೆ. ರಾಗ, ತಾಳ, ಶ್ರುತಿ ಅಂದರೇನು ಅಂತ ಸ್ವಲ್ಪವಾದರೂ ಗೊತ್ತಿರುವವರಿಗೆ ಈ ಅರ್ಧ ಗಂಟೆ ಅರ್ಥವಾಗುವುದು ಕಷ್ಟವಲ್ಲ. ಈ ನಾಲ್ವರು ಎದುರಿಸುತ್ತಿದ್ದ ಪ್ರಶ್ನೆಗಳು ನಮಗೆ ಪರಿಚಯವಿರುವ ಪ್ರಶ್ನೆಗಳೇ. ಕಂಡುಕೊಂಡ ಉತ್ತರಗಳು ಮಾತ್ರ ಬೇರೆ.

ಕಾರ್ಯಕ್ರಮದ ಹೆಸರು ‘ಜಾಝ್ ಕ್ಯಾಶುಯಲ್’. ನಡೆಸಿಕೊಡುತ್ತಿದ್ದವರು ರಾಲ್ಫ್ ಗ್ಲೀಸನ್, ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಸಂಗೀತ ವಿಮರ್ಶಕರು. ಅಮೆರಿಕದ ಶೈಕ್ಷಣಿಕ ಟಿವಿ ಜಾಲಕ್ಕಾಗಿ ಮಾಡಿದ ಸರಣಿ ಇದು, ಹಾಗಾಗಿ ಜಾಹೀರಾತಿನ ಕಾಟ ಇರಲಿಲ್ಲ. ಸ್ಟುಡಿಯೊದಲ್ಲಿ ಪ್ರೇಕ್ಷಕರೂ ಇಲ್ಲ, ಚಪ್ಪಾಳೆಯೂ ಇಲ್ಲ. ಬೇರೆ ಕಂತುಗಳಲ್ಲಿ ಗ್ಲೀಸನ್ ಕಲಾವಿದರ ಜೊತೆ ಕೂತು ಮಾತಾಡುತ್ತಾರೆ. ಈ ಕಂತಿನಲ್ಲಿ ಕೋಲ್ಟ್ರೇನ್ ಒಂದು ಮಾತೂ ಆಡುವುದಿಲ್ಲ. ಗ್ಲೀಸನ್ ಪರಿಚಯ ಹೇಳುತ್ತಾರೆ, ಉಳಿದದ್ದು ಬರೀ ಸಂಗೀತ.

ಪ್ರೇಕ್ಷಕರಿಲ್ಲದಿದ್ದದ್ದು ನಮಗೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಕ್ಲಬ್‌ನಲ್ಲಿ ನುಡಿಸುವವರು ಜನರನ್ನೂ ನೋಡಬೇಕು. ಇಲ್ಲಿ ನಾಲ್ವರಿಗೂ ಉಳಿದ ಮೂವರನ್ನು ಬಿಟ್ಟು ಬೇರೆ ಯಾರೂ ಇಲ್ಲ. ಯಾರು ಯಾರ ಮಾತಿಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದನ್ನು ಕಣ್ಣಾರೆ ನೋಡಬಹುದು. ಧ್ವನಿಮುದ್ರಿಕೆಯಲ್ಲಿ ಇದು ಸಿಗುವುದಿಲ್ಲ.

ಮೊದಲು ವಾದ್ಯಗಳ ವಿಚಾರ. ಸ್ಯಾಕ್ಸೊಫೋನ್ ನಮಗೆ ಹೊಸದೇನಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ಅದರಲ್ಲಿ ಗಮಕ ಹೊರಡಿಸಿ ಕರ್ನಾಟಕ ಸಂಗೀತದ ಒಳಗೆ ತಂದವರು. ಅವರ ಕೈಯಲ್ಲಿದ್ದದ್ದು ಆಲ್ಟೊ. ಕೋಲ್ಟ್ರೇನ್ ಇಲ್ಲಿ ಬಳಸುವುದು ಅದಕ್ಕಿಂತ ದಪ್ಪ ದನಿಯ ಟೆನರ್ ಮತ್ತು ಅದಕ್ಕಿಂತ ತೆಳು ದನಿಯ ಸೊಪ್ರಾನೊ. ಸೊಪ್ರಾನೊ ನೆಟ್ಟಗೆ ಕೊಳವೆಯ ಹಾಗಿರುತ್ತದೆ, ದನಿಯಲ್ಲಿ ನಾಗಸ್ವರದ ಒಂದು ಮೊನಚು ಇದೆ. ‘ಆಫ್ರೋ ಬ್ಲೂ’ದಲ್ಲಿ ಕೇಳುವುದು ಅದನ್ನೇ.

ಬೇಸ್ ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ, ಇಲ್ಲಿ ಹೆಚ್ಚಾಗಿ ಬೆರಳಿನಿಂದ ಮೀಟುತ್ತಾರೆ. ಹೊಸಬರ ಕಿವಿಗೆ ಮೊದಲು ತಪ್ಪಿಹೋಗುವುದು ಇದೇ. ಆದರೆ ತಾಳ ಹಿಡಿಯಬೇಕಾದರೆ ಇದನ್ನೇ ಹಿಡಿಯಬೇಕು. ವೇಗದ ರಚನೆಗಳಲ್ಲಿ ಗ್ಯಾರಿಸನ್ ಬಹುಮಟ್ಟಿಗೆ ಪ್ರತಿ ಎಣಿಕೆಗೂ ಒಂದು ಸ್ವರ ಮೀಟುತ್ತಾ ಹೋಗುತ್ತಾರೆ. ಅದನ್ನು ಕೇಳಿಸಿಕೊಂಡರೆ ಕೈಯಲ್ಲಿ ತಾಳ ಹಾಕಬಹುದು.

ಇನ್ನು ಜಾಝ್ ರಚನೆಯ ಕಟ್ಟಡ. ಮೊದಲು ಎಲ್ಲರೂ ಸೇರಿ ಒಂದು ಚಿಕ್ಕ ಧಾಟಿ ನುಡಿಸುತ್ತಾರೆ, ಅದಕ್ಕೆ ‘ಹೆಡ್’ ಅಂತ ಹೆಸರು. ಆ ಧಾಟಿಗೆ ಇಷ್ಟೇ ಎಣಿಕೆ ಅಂತ ಒಂದು ಉದ್ದ ಇರುತ್ತದೆ. ಧಾಟಿ ಮುಗಿದ ಮೇಲೆ ಅದೇ ಉದ್ದದ ಸುತ್ತುಗಳು ಮತ್ತೆ ಮತ್ತೆ ಬರುತ್ತವೆ, ಅದರ ಮೇಲೆ ಒಬ್ಬೊಬ್ಬರೂ ಮನೋಧರ್ಮದಿಂದ ನುಡಿಸುತ್ತಾರೆ. ಕೊನೆಗೆ ಮತ್ತೆ ಹೆಡ್. ಪಲ್ಲವಿಯ ಸಾಲನ್ನು ಇಟ್ಟುಕೊಂಡು ನೆರವಲ್, ಸ್ವರಪ್ರಸ್ತಾರ ಮಾಡಿ ಮತ್ತೆ ಸಾಲಿಗೆ ಬರುವುದು ನಮಗೆ ಗೊತ್ತಲ್ವಾ? ಹತ್ತಿರ ಹತ್ತಿರ ಅದೇ ರೀತಿ. ಒಂದು ವ್ಯತ್ಯಾಸ ಮುಖ್ಯ. ನಮ್ಮಲ್ಲಿ ಸುತ್ತು ಅಂದರೆ ತಾಳದ ಆವರ್ತ ಮಾತ್ರ. ಜಾಝ್‌ನಲ್ಲಿ ಸುತ್ತಿನ ಒಳಗೆ ಯಾವ ಜಾಗದಲ್ಲಿ ಯಾವ ಸ್ವರಗುಂಪು ಆಧಾರ ಅನ್ನುವುದೂ ನಿಗದಿಯಾಗಿರುತ್ತದೆ. ಈ ಸ್ವರಗುಂಪುಗಳೇ ಕಾರ್ಡ್‌ಗಳು.

ಕೋಲ್ಟ್ರೇನ್ ಈ ಕಾರ್ಡ್‌ಗಳ ದಾರಿಯಲ್ಲಿ ಬಹಳ ದೂರ ಹೋಗಿ ಬಂದವರು. 1959ರಲ್ಲಿ ಅವರು ಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಇವತ್ತಿಗೂ ಸ್ಯಾಕ್ಸೊಫೋನ್ ಕಲಿಯುವವರಿಗೆ ಒಂದು ಪರೀಕ್ಷೆ. ಅಲ್ಲಿ ಕಾರ್ಡ್‌ಗಳು ಎಷ್ಟು ಬೇಗ ಬದಲಾಗುತ್ತವೆ ಅಂದರೆ, ಒಂದು ಆಧಾರದ ಮೇಲೆ ಕಾಲೂರುವ ಮೊದಲೇ ಇನ್ನೊಂದು ಬಂದಿರುತ್ತದೆ. ಅದೇ ವರ್ಷ ಅವರು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ‘ಕೈಂಡ್ ಆಫ್ ಬ್ಲೂ’ ಆಲ್ಬಮ್‌ಗೆ ನುಡಿಸಿದರು. ಅಲ್ಲಿದ್ದ ಯೋಚನೆ ನೇರ ಉಲ್ಟಾ. ಕಾರ್ಡ್ ಕಡಿಮೆ ಮಾಡೋಣ, ಒಂದೇ ಸ್ವರಶ್ರೇಣಿಯಲ್ಲಿ ತುಂಬ ಹೊತ್ತು ನಿಲ್ಲೋಣ. ಇದನ್ನು ‘ಮೋಡಲ್’ ಜಾಝ್ ಅನ್ನುತ್ತಾರೆ. ರಾಗ ಕೇಳುವವರಿಗೆ ಇಲ್ಲಿಂದ ದಾರಿ ಸಲೀಸು.

ಹಾಗಾಗಿ ಕಾರ್ಯಕ್ರಮವನ್ನು ಕ್ರಮವಾಗಿ ನೋಡುವ ಬದಲು, ಕೊನೆಯ ರಚನೆ ‘ಇಂಪ್ರೆಷನ್ಸ್’ನಿಂದ ಶುರು ಮಾಡಿ ಅಂತ ನನ್ನ ಸಲಹೆ.

ಇದರ ಒಂದು ಸುತ್ತು 32 ಬಾರ್. ಒಂದು ಬಾರ್‌ಗೆ ನಾಲ್ಕು ಎಣಿಕೆ, ಒಟ್ಟು 128. ಮೊದಲ 16 ಬಾರ್ ಡಿ ಸ್ವರ ಆಧಾರ, ಮುಂದಿನ 8 ಬಾರ್ ಇ ಫ್ಲ್ಯಾಟ್ ಆಧಾರ, ಕೊನೆಯ 8 ಬಾರ್ ಮತ್ತೆ ಡಿ. ಅಷ್ಟೇ. ಡೇವಿಸ್ ಅವರ ‘ಸೋ ವಾಟ್’ ರಚನೆಯ ಚೌಕಟ್ಟೂ ಇದೇ, ಕೋಲ್ಟ್ರೇನ್ ಅದನ್ನು ಬಹಳ ಹೆಚ್ಚಿನ ವೇಗಕ್ಕೆ ಒಯ್ದಿದ್ದಾರೆ. ಡಿ ಮೇಲೆ ಬಳಸುವ ಶ್ರೇಣಿಯ ಹೆಸರು ಡೋರಿಯನ್. ಸ್ವರಗಳನ್ನು ನಮ್ಮ ಲೆಕ್ಕದಲ್ಲಿ ಹಾಕಿ ನೋಡಿ: ಷಡ್ಜ, ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. 22ನೇ ಮೇಳ, ಖರಹರಪ್ರಿಯ. ಹಿಂದೂಸ್ತಾನಿಯವರಿಗೆ ಕಾಫಿ ಥಾಟ್.

ಖರಹರಪ್ರಿಯದ ಸ್ವರಗಳು ಅಂದೆ, ಖರಹರಪ್ರಿಯ ರಾಗ ಅನ್ನಲಿಲ್ಲ. ರಾಗಕ್ಕೆ ಅದರದೇ ಸಂಚಾರ ಇದೆ, ಗಮಕ ಇದೆ, ಎಲ್ಲಿ ನಿಲ್ಲಬೇಕು ಅನ್ನುವುದಿದೆ. ಡೋರಿಯನ್‌ಗೆ ಅದ್ಯಾವುದೂ ಇಲ್ಲ, ಅದು ಸುಮ್ನೆ ಏಳು ಸ್ವರಗಳ ಒಂದು ಮೆಟ್ಟಿಲು. ಕೋಲ್ಟ್ರೇನ್ ಆ ಮೆಟ್ಟಿಲಿನಿಂದ ಹೊರಗೂ ಹಾರುತ್ತಾರೆ, ಅನ್ಯಸ್ವರ ಬಂತು ಅಂತ ಯಾರೂ ಆಕ್ಷೇಪ ಮಾಡುವುದಿಲ್ಲ.

ನಿಜವಾಗಿ ನಮ್ಮ ಕಿವಿಗೆ ಹೊಸದು ಬರುವುದು 17ನೇ ಬಾರ್‌ನಲ್ಲಿ. ಡಿ ಅಂದರೆ ನಮ್ಮ ಲೆಕ್ಕದಲ್ಲಿ, ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸುತ್ತಾ ಹೋದರೆ, ಎರಡು ಮನೆ ಶ್ರುತಿ. ಇ ಫ್ಲ್ಯಾಟ್ ಅಂದರೆ ಅದರ ಮೇಲಿನ ಕಪ್ಪು ಮನೆ, ಎರಡೂವರೆ ಮನೆ. ಎರಡು ಮನೆಯಲ್ಲಿ ಖರಹರಪ್ರಿಯದ ಸ್ವರ ನುಡಿಸುತ್ತಿದ್ದ ನಾಲ್ಕೂ ಜನ, ಒಂದೇ ಕ್ಷಣದಲ್ಲಿ, ಇಡೀ ಶ್ರುತಿಯನ್ನು ಎರಡೂವರೆ ಮನೆಗೆ ಏರಿಸುತ್ತಾರೆ. ಎಂಟು ಬಾರ್ ಅಲ್ಲಿದ್ದು ಮತ್ತೆ ಇಳಿಯುತ್ತಾರೆ. ನಮ್ಮ ಕಛೇರಿಯಲ್ಲಿ ಇದನ್ನು ಊಹಿಸಿಕೊಳ್ಳಲೂ ಆಗುವುದಿಲ್ಲ. ತಂಬೂರಿ ಶುರುವಾದರೆ ಮಂಗಳದವರೆಗೆ ಅದೇ ಶ್ರುತಿ. ಗ್ರಹಭೇದದ ನೆನಪಾಗಬಹುದು, ಆದರೆ ಅಲ್ಲಿ ನಡೆಯುವುದು ಬೇರೆ. ಗ್ರಹಭೇದದಲ್ಲಿ ಸ್ವರಸ್ಥಾನಗಳು ಇದ್ದ ಹಾಗೇ ಇರುತ್ತವೆ, ಷಡ್ಜ ಯಾವುದು ಅನ್ನುವುದು ಮಾತ್ರ ಬದಲಾಗುತ್ತದೆ. ಇಲ್ಲಿ ಸ್ವರಗಳೇ ಜಾಗ ಖಾಲಿ ಮಾಡುತ್ತವೆ. ಹಳೆಯ ಏಳು ಸ್ವರಗಳಲ್ಲಿ ಹೊಸ ಶ್ರೇಣಿಯಲ್ಲಿ ಉಳಿಯುವುದು ಎರಡೇ. ಉಳಿದ ಐದೂ ಹೊಸವು.

ಆ ವೇಗದಲ್ಲಿ ಒಂದು ಇಡೀ ಸುತ್ತಿಗೆ ಹಿಡಿಯುವುದು ಸುಮಾರು ಅರ್ಧ ನಿಮಿಷ. ಅಂದರೆ ಅರ್ಧ ನಿಮಿಷಕ್ಕೊಮ್ಮೆ ಈ ಏರಿಕೆ, ಈ ಇಳಿಕೆ. ಯಾರೂ ಸನ್ನೆ ಮಾಡುವುದಿಲ್ಲ, ಯಾರೂ ಎಣಿಸಿ ತೋರಿಸುವುದಿಲ್ಲ. ಮೊದಲ ಸಲ ಕೇಳುವಾಗ ಕೋಲ್ಟ್ರೇನ್ ಅವರನ್ನು ಬಿಟ್ಟುಬಿಡಿ. ಬೇಸ್ ಮತ್ತು ಪಿಯಾನೊ ಎಲ್ಲಿ ಅರ್ಧ ಮನೆ ಮೇಲೆ ಹೋದವು ಅಂತ ಅಷ್ಟನ್ನೇ ಕಾಯುತ್ತಾ ಕೂತುಕೊಳ್ಳಿ. ಒಮ್ಮೆ ಆ ಜಾಗ ಕಿವಿಗೆ ಸಿಕ್ಕರೆ ಗೊಂದಲ ಅನ್ನಿಸಿದ್ದಕ್ಕೆಲ್ಲ ಒಂದು ಆಕಾರ ಬರುತ್ತದೆ. ಆಮೇಲೆ ಸ್ಯಾಕ್ಸೊಫೋನ್ ಕೇಳಿದರೆ, ಅವರು ಕೆಲವು ಸಲ ಏರಿಕೆಗೆ ಮುಂಚೆಯೇ ಹೊಸ ಶ್ರೇಣಿಗೆ ಹಾರುತ್ತಾರೆ, ಕೆಲವು ಸಲ ಹಳೆಯದನ್ನು ಬಿಡದೆ ಎಳೆಯುತ್ತಾರೆ ಅನ್ನುವುದು ತಿಳಿಯುತ್ತದೆ. ಆ ಎಳೆದಾಟದಲ್ಲೇ ಸ್ವಾರಸ್ಯ ಇರುವುದು.

ಪಿಯಾನೊದ ಪಾಲಿನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಟೈನರ್ ಅವರಿಗೆ ಆಗ ಇನ್ನೂ 24, ನಾಲ್ಕು ದಿನಕ್ಕೆ 25 ತುಂಬುವುದರಲ್ಲಿತ್ತು. ಪಾಶ್ಚಾತ್ಯ ಸಂಗೀತದಲ್ಲಿ ಸಾಮಾನ್ಯ ಕಾರ್ಡ್ ಕಟ್ಟುವುದು ಒಂದು ಸ್ವರ ಬಿಟ್ಟು ಒಂದು ಸ್ವರ ಹಿಡಿದು: ಸ, ಗ, ಪ. ಆ ಗಾಂಧಾರ ಅಂತರವೋ ಸಾಧಾರಣವೋ ಅನ್ನುವುದರ ಮೇಲೆ ಇಡೀ ಬಣ್ಣ ತೀರ್ಮಾನವಾಗಿಬಿಡುತ್ತದೆ. ಟೈನರ್ ಆ ತೀರ್ಮಾನ ಮಾಡುವುದಿಲ್ಲ. ಬಲಗೈಯಲ್ಲಿ ಸ, ಮ, ನಿ ಹೀಗೆ ನಾಲ್ಕನೇ ಸ್ವರ ಹಿಡಿದು ಕಾರ್ಡ್ ಕಟ್ಟುತ್ತಾರೆ. ಎಡಗೈಯಲ್ಲಿ ಕೆಳಗೆ, ಮಂದ್ರದಲ್ಲಿ, ಬರೀ ಸ ಮತ್ತು ಪ ಬಲವಾಗಿ ಹೊಡೆದು ಬಿಡುತ್ತಾರೆ. ಸ ಮತ್ತು ಪ! ನಮ್ಮ ತಂಬೂರಿ ಮಾಡುವ ಕೆಲಸವೇ ಅಲ್ವಾ ಅದು? ಕೆಳಗೆ ಆಧಾರ ಗಟ್ಟಿ, ಮೇಲೆ ಯಾವ ಸ್ವರಕ್ಕೂ ಬಾಗಿಲು ಮುಚ್ಚಿಲ್ಲ. ಕೋಲ್ಟ್ರೇನ್ ಅಷ್ಟು ಸ್ವತಂತ್ರವಾಗಿ ಅಲೆಯಲು ಆಗುವುದು ಇದರಿಂದ. ಈ ತಂಡದಲ್ಲಿ ಇನ್ನೊಂದು ರೂಢಿಯೂ ಇತ್ತು. ಸೋಲೋ, ಅಂದರೆ ಒಬ್ಬರು ಮುಂದಾಗಿ ಮನೋಧರ್ಮದಿಂದ ನುಡಿಸುವ ಭಾಗ, ಕಾವೇರಿದಾಗ ಟೈನರ್ ಪಿಯಾನೊದಿಂದ ಕೈ ತೆಗೆದು ಸುಮ್ಮನಾಗುತ್ತಿದ್ದರು, ಸ್ಯಾಕ್ಸೊಫೋನ್, ಬೇಸ್, ಡ್ರಮ್ಸ್ ಮಾತ್ರ ಮುಂದುವರಿಯುತ್ತಿದ್ದವು.

ಇದೆಲ್ಲ ಭಾರತದ ಸಂಗೀತದಿಂದ ಬಂದದ್ದೇ ಅಂತ ಕೇಳಬಹುದು. ಹಾಗೆ ಹೇಳಿದರೆ ಜಾಸ್ತಿಯಾಗುತ್ತದೆ. ಆದರೆ ಕೋಲ್ಟ್ರೇನ್ ನಮ್ಮ ಸಂಗೀತವನ್ನು ಆಸಕ್ತಿಯಿಂದ ಕೇಳುತ್ತಿದ್ದರು ಅನ್ನುವುದು ನಿಜ. 1961ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ‘ಇಂಡಿಯಾ’ ಅನ್ನುವ ತಮ್ಮ ರಚನೆ ನುಡಿಸಿದಾಗ, ಆಧಾರ ಶ್ರುತಿಯ ಗುಂಗಿಗಾಗಿ ಇಬ್ಬರು ಬೇಸ್ ವಾದಕರನ್ನು ಇಟ್ಟುಕೊಂಡಿದ್ದರು. ಪಂಡಿತ್ ರವಿಶಂಕರ್ ಅವರ ಮೇಲೆ ಅವರಿಗೆ ಬಹಳ ಗೌರವ. 1965ರಲ್ಲಿ ಹುಟ್ಟಿದ ಮಗನಿಗೆ ರವಿ ಅಂತ ಹೆಸರಿಟ್ಟರು. ಆ ರವಿ ಕೋಲ್ಟ್ರೇನ್ ಈಗ ತಾವೇ ಹೆಸರಾಂತ ಸ್ಯಾಕ್ಸೊಫೋನ್ ವಾದಕರು.

ಇನ್ನು ‘ಆಫ್ರೋ ಬ್ಲೂ’ಗೆ ಬರೋಣ. ಕ್ಯೂಬಾ ಮೂಲದ ತಾಳವಾದ್ಯಗಾರ ಮೊಂಗೊ ಸಾಂತಾಮರಿಯಾ ಅವರ ರಚನೆ ಇದು. ಇಲ್ಲಿ ಗಮನ ಇಡಬೇಕಾದ್ದು ಲಯದ ಮೇಲೆ, ಅಂದರೆ ಎಲ್ವಿನ್ ಜೋನ್ಸ್ ಮೇಲೆ.

ಆರು ಮಾತ್ರೆಯನ್ನು ಎರಡು ರೀತಿಯಲ್ಲಿ ಒಡೆಯಬಹುದು. ತಕಿಟ ತಕಿಟ ಅಂದರೆ ಮೂರು ಮೂರರ ಎರಡು ಗುಂಪು. ತಕ ತಕ ತಕ ಅಂದರೆ ಎರಡೆರಡರ ಮೂರು ಗುಂಪು. ಬಾಯಲ್ಲಿ ಒಂದನ್ನು ಹೇಳುತ್ತಾ ಕೈಯಲ್ಲಿ ಇನ್ನೊಂದನ್ನು ಹಾಕಿ ನೋಡಿ. ಸ್ವಲ್ಪ ಅಭ್ಯಾಸ ಇರುವವರಿಗೆ ಆಗುತ್ತದೆ, ಇಲ್ಲದವರಿಗೆ ನಾಲಿಗೆ ತೊಡರುತ್ತದೆ. ಪಶ್ಚಿಮ ಆಫ್ರಿಕಾದ, ಅಲ್ಲಿಂದ ಬಂದ ಕ್ಯೂಬಾದ ಸಂಗೀತದಲ್ಲಿ ಈ ಎರಡೂ ಒಡೆತ ಒಟ್ಟೊಟ್ಟಿಗೆ ನಡೆಯುತ್ತವೆ. ಕೇಳುವವರು ಯಾವುದನ್ನು ಹಿಡಿದರೂ ಸರಿಯೇ. ಎಲ್ವಿನ್ ಎರಡು ಕೈ, ಎರಡು ಕಾಲಿನಿಂದ ಈ ಎರಡನ್ನೂ ಜೀವಂತ ಇಡುತ್ತಾರೆ. ರೈಡ್ ಸಿಂಬಲ್ ಅನ್ನುವ ದೊಡ್ಡ ಲೋಹದ ತಟ್ಟೆಯ ಮೇಲೆ ಬಲಗೈ ಒಂದು ಹರಿವನ್ನು ಹಿಡಿದರೆ, ಎಡಗೈ ಮತ್ತು ಬಲಗಾಲು ಅದರ ನಡುವೆ ನುಗ್ಗಿ ಬೇರೆ ಗುಂಪು ಕಟ್ಟುತ್ತವೆ. ಅದಕ್ಕಿಂತ ಮುಂಚಿನ ಬಹಳ ಡ್ರಮ್ಮರ್‌ಗಳಲ್ಲಿ ಸಿಂಬಲ್ ಕಾಲ ಹೇಳುತ್ತಿತ್ತು, ಉಳಿದವು ಅಲ್ಲಲ್ಲಿ ಒತ್ತು ಕೊಡುತ್ತಿದ್ದವು. ಎಲ್ವಿನ್ ಅವರಲ್ಲಿ ಕಾಲ ಯಾವುದೋ ಒಂದು ಭಾಗದಲ್ಲಿಲ್ಲ, ಇಡೀ ಸೆಟ್‌ನಲ್ಲಿ ಹರಡಿಕೊಂಡಿದೆ.

ನಮ್ಮ ತನಿ ಆವರ್ತನದ ಜೊತೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕೃತಿಗೆ ನುಡಿಸುವಾಗ ಮೃದಂಗದವರು ಸಾಹಿತ್ಯಕ್ಕೆ, ಸಂಗತಿಗೆ ಹೊಂದಿಕೊಂಡು ಹೋಗುತ್ತಾರೆ. ಲೆಕ್ಕಾಚಾರದ ಪೂರ್ತಿ ಆಟಕ್ಕೆ ತನಿಯಲ್ಲಿ ಪ್ರತ್ಯೇಕ ಜಾಗ ಇದೆ. ಎಲ್ವಿನ್ ಹಾಗೆ ಜಾಗಕ್ಕಾಗಿ ಕಾಯುವುದಿಲ್ಲ. ಕೋಲ್ಟ್ರೇನ್ ನುಡಿಸುತ್ತಿರುವಾಗಲೇ ಅವರ ಪ್ರತಿ ಸಾಲಿಗೂ ಎದುರು ಸಾಲು ಕಟ್ಟುತ್ತಾರೆ. ಸೋಲೋ ಯಾರದು ಅಂತ ಕೇಳಿದರೆ ಇಬ್ಬರದೂ ಅನ್ನಬೇಕಾಗುತ್ತದೆ. ಜೋರಾಯಿತು ಅಂತ ಅನ್ನಿಸುವವರು ಇದ್ದಾರೆ, ಆ ಕಾಲದಲ್ಲೂ ಇದ್ದರು. ಆದರೆ ದೃಶ್ಯ ನೋಡಿದರೆ ಅನುಮಾನ ಉಳಿಯುವುದಿಲ್ಲ: ಈ ಮನುಷ್ಯ ಬರೀ ಬಾರಿಸುತ್ತಿಲ್ಲ, ಅತ್ಯಂತ ಎಚ್ಚರದಿಂದ ಕೇಳಿಸಿಕೊಳ್ಳುತ್ತಿದ್ದಾರೆ. ಕರ್ನಾಟಕ ಲಯ ಮತ್ತು ಜಾಝ್ ನಡುವೆ ಆಮೇಲೆ ನಡೆದ ಮಾತುಕತೆಗಳಲ್ಲಿ ಬೆಂಗಳೂರಿಗೂ ಪಾಲಿದೆ. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಆಲ್ಬಮ್ 1983ರದು. ಲಯದ ದಾರಿಯಿಂದ ಜಾಝ್ ಹತ್ತಿರ ಹೋಗಬೇಕು ಅನ್ನುವವರು ಅದನ್ನೂ ಕೇಳಬೇಕು.

ಮಧ್ಯದ ರಚನೆ ‘ಅಲಬಾಮಾ’. ಇದನ್ನು ಕೇಳುವ ಮೊದಲು ಒಂದು ಘಟನೆ ಗೊತ್ತಿರಬೇಕು. 1963ರ ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಕಪ್ಪು ಜನರ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ಬಾಂಬ್ ಸ್ಫೋಟಿಸಿತು. ನಾಲ್ಕು ಹೆಣ್ಣುಮಕ್ಕಳು ಸತ್ತರು. ಆಡಿ ಮೇ ಕಾಲಿನ್ಸ್, ಸಿಂಥಿಯಾ ವೆಸ್ಲಿ, ಕ್ಯಾರೊಲ್ ರಾಬರ್ಟ್‌ಸನ್, ಈ ಮೂವರಿಗೆ 14 ವರ್ಷ. ಕ್ಯಾರೊಲ್ ಡೆನಿಸ್ ಮೆಕ್‌ನೇರ್‌ಗೆ 11. ಬಾಂಬ್ ಇಟ್ಟವರು ಬಿಳಿಯರ ಜನಾಂಗ ದ್ವೇಷದ ಕೂಟ ಕು ಕ್ಲಕ್ಸ್ ಕ್ಲಾನ್‌ನವರು. ಮೊದಲ ಅಪರಾಧಿಗೆ ಶಿಕ್ಷೆಯಾಗಲು 1977 ಬರಬೇಕಾಯಿತು, ಇನ್ನಿಬ್ಬರಿಗೆ 2001 ಮತ್ತು 2002.

ಕೋಲ್ಟ್ರೇನ್ ‘ಅಲಬಾಮಾ’ವನ್ನು ಧ್ವನಿಮುದ್ರಿಸಿದ್ದು ಅದೇ ನವೆಂಬರ್ 18ರಂದು. ನಾಲ್ಕು ದಿನಕ್ಕೆ ಅಧ್ಯಕ್ಷ ಕೆನಡಿಯವರ ಹತ್ಯೆ ಆಯಿತು. ಅದಾಗಿ ಎರಡು ವಾರಕ್ಕೆ ಈ ಟಿವಿ ಚಿತ್ರೀಕರಣ. ಅಂದರೆ ಇಲ್ಲಿ ನುಡಿಸುತ್ತಿರುವುದು ಹಳೆಯ ನೋವಿನ ನೆನಪನ್ನಲ್ಲ. ಗಾಯ ಇನ್ನೂ ಹಸಿಯಾಗಿತ್ತು.

ರಚನೆಯ ಒಳಗೆ ಏನಾಗುತ್ತದೆ? ಶುರುವಿನಲ್ಲಿ ತಾಳವೇ ಇಲ್ಲ. ಪಿಯಾನೊ ಕೆಳಗಿನ ಸ್ವರಗಳಲ್ಲಿ ಬೆರಳುಗಳನ್ನು ಬೇಗ ಬೇಗ ಆಡಿಸುತ್ತಾ ಒಂದು ನಡುಗುವ ಶ್ರುತಿಯನ್ನು ಹಿಡಿಯುತ್ತದೆ. ಅದರ ಮೇಲೆ ಟೆನರ್ ಸ್ಯಾಕ್ಸೊಫೋನ್ ನಿಧಾನವಾಗಿ, ಬಿಡಿ ಬಿಡಿ ಸಾಲುಗಳಲ್ಲಿ ಹೇಳುತ್ತಾ ಹೋಗುತ್ತದೆ. ಆಲಾಪನೆ ಕೇಳಿದವರಿಗೆ ಈ ರೀತಿ ತಕ್ಷಣ ಗೊತ್ತಾಗುತ್ತದೆ. ಆದರೆ ಆಲಾಪನೆಯಲ್ಲಿ ರಾಗ ಬೆಳೆಯುತ್ತಾ ಮೇಲಕ್ಕೆ ಏರುತ್ತದೆ. ಇಲ್ಲಿ ಬೆಳವಣಿಗೆಯನ್ನು ಬೇಕೆಂದೇ ತಡೆದಿದ್ದಾರೆ. ಸಾಲು ಏಳುತ್ತದೆ, ನಿಲ್ಲುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಹಿಂದಿನ ರಚನೆಯಲ್ಲಿ ಸ್ವರಗಳ ಪ್ರವಾಹವನ್ನೇ ಹರಿಸಿದ ಅದೇ ಮನುಷ್ಯ ಇಲ್ಲಿ ಒಂದೊಂದು ಸ್ವರವನ್ನೂ ತೂಗಿ ಇಡುತ್ತಾರೆ. ನಡುವೆ ಸ್ವಲ್ಪ ಹೊತ್ತು ತಾಳ ಸೇರಿಕೊಳ್ಳುತ್ತದೆ, ಮಧ್ಯಮ ವೇಗದ ಸ್ವಿಂಗ್, ಅಂದರೆ ಜಾಝ್‌ನ ತೂಗಾಡುವ ನಡೆ. ಇನ್ನೇನು ಇದು ಎಲ್ಲಿಗೋ ಹೋಗುತ್ತದೆ ಅನ್ನುವಾಗ ತಾಳ ಬಿಟ್ಟು ಮತ್ತೆ ಮೊದಲಿನ ಸಾಲುಗಳು. ಕೊನೆಯಲ್ಲಿ ಎಲ್ವಿನ್ ಅವರ ಡ್ರಮ್ಸ್ ಕೆಳಗಿನಿಂದ ಉಬ್ಬಿ ಬರುತ್ತದೆ.

ಈ ಸಾಲುಗಳನ್ನು ಮಾರ್ಟಿನ್ ಲೂಥರ್ ಕಿಂಗ್ ಆ ಮಕ್ಕಳ ಅಂತ್ಯಕ್ರಿಯೆಯಲ್ಲಿ ಮಾಡಿದ ಭಾಷಣದ ಏರಿಳಿತದ ಮೇಲೆ ಕಟ್ಟಿದ್ದು ಅನ್ನುವ ಮಾತು ಬಹಳ ಕಡೆ ಬರುತ್ತದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಆ ಕಥೆ ಇಲ್ಲದೆಯೂ ಇದು ಚರ್ಚ್‌ನ ಉಪದೇಶದ ಧಾಟಿ ಅನ್ನುವುದು ಕಿವಿಗೆ ಕೇಳಿಸುತ್ತದೆ. ಕೋಲ್ಟ್ರೇನ್ ಹುಟ್ಟಿದ್ದು ದಕ್ಷಿಣದ ನಾರ್ತ್ ಕ್ಯಾರೊಲೈನಾದಲ್ಲಿ, ಅವರ ತಾತಂದಿರಿಬ್ಬರೂ ಚರ್ಚ್‌ನ ಪಾದ್ರಿಗಳು. ಕರೆದು ಹೇಳುವುದು, ನಿಲ್ಲಿಸುವುದು, ಜನ ಉತ್ತರ ಕೊಡಲು ಬಿಡುವುದು, ಇದನ್ನೆಲ್ಲ ಅವರು ಚಿಕ್ಕಂದಿನಿಂದ ಕೇಳಿದ್ದರು. ಹೆಸರೊಂದನ್ನು ಬಿಟ್ಟರೆ ಈ ರಚನೆಯಲ್ಲಿ ಒಂದೇ ಒಂದು ಪದವಿಲ್ಲ. 1963ರ ಅಮೆರಿಕದಲ್ಲಿ ನಾಲ್ಕು ಜನ ಕಪ್ಪು ಕಲಾವಿದರು ಟಿವಿಯಲ್ಲಿ ಈ ಹೆಸರಿನ ರಚನೆ ನುಡಿಸಿದರೆ ಯಾವುದರ ಬಗ್ಗೆ ಅಂತ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನನಗೆ ಈ ಮೂರರಲ್ಲಿ ಅತ್ಯಂತ ದೊಡ್ಡದು ಇದೇ.

ಈ ಚಿತ್ರೀಕರಣ ನಮ್ಮ ಕೈಗೆ ಸಿಕ್ಕಿದ್ದೂ ಅದೃಷ್ಟವೇ. ಆ ಕಾಲದಲ್ಲಿ ವಿಡಿಯೊ ಟೇಪ್ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದೇ ಟೇಪಿನಲ್ಲಿ ಇನ್ನೊಂದನ್ನು ತುಂಬುವುದು ಟಿವಿ ಕೇಂದ್ರಗಳಲ್ಲಿ ಮಾಮೂಲಾಗಿತ್ತು.

ನಾಲ್ವರೂ ಇದೇ ರೀತಿ ಒಟ್ಟಿಗಿದ್ದದ್ದು ಸುಮಾರು ನಾಲ್ಕು ವರ್ಷ ಮಾತ್ರ. ಟೈನರ್ ಮತ್ತು ಎಲ್ವಿನ್ 1960ರಲ್ಲಿ ಬಂದರು, ಗ್ಯಾರಿಸನ್ 1961ರ ಕೊನೆಗೆ. ಈ ಟಿವಿ ಕಾರ್ಯಕ್ರಮ ಆಗಿ ಒಂದು ವರ್ಷ ಎರಡು ದಿನಕ್ಕೆ, 1964ರ ಡಿಸೆಂಬರ್ 9ರಂದು, ಇದೇ ನಾಲ್ವರು ‘ಎ ಲವ್ ಸುಪ್ರೀಮ್’ ಆಲ್ಬಮ್ ಧ್ವನಿಮುದ್ರಿಸಿದರು. 1965 ಮುಗಿಯುವ ಹೊತ್ತಿಗೆ ಟೈನರ್ ತಂಡ ಬಿಟ್ಟರು, 1966ರ ಆರಂಭದಲ್ಲಿ ಎಲ್ವಿನ್. ಕೋಲ್ಟ್ರೇನ್ 1967ರ ಜುಲೈ 17ರಂದು ತೀರಿಕೊಂಡರು, ಆಗ ಅವರಿಗೆ 40 ವರ್ಷ.

ಈ ಅರ್ಧ ಗಂಟೆ ರುಚಿಸಿದವರು ಮುಂದೆ ನೋಡಬೇಕಾದ್ದು 1965ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಕೊಂಬ್ಲೆನ್ ಲಾ ತೂರ್ ಉತ್ಸವದಲ್ಲಿ ಟಿವಿಗಾಗಿ ಚಿತ್ರೀಕರಿಸಿದ ಕಛೇರಿ. ಅದೇ ನಾಲ್ವರು, ಆದರೆ ಬಯಲಿನಲ್ಲಿ, ಜನರ ಮುಂದೆ, ರಾತ್ರಿಯ ಚಳಿಯಲ್ಲಿ. ಎಲ್ವಿನ್ ಅವರ ಮೈಯಿಂದ ಹಬೆ ಏಳುವುದು ಕ್ಯಾಮೆರಾದಲ್ಲಿ ಕಾಣುತ್ತದೆ. ಅಲ್ಲಿ ಕೋಲ್ಟ್ರೇನ್ ಶ್ರೇಣಿಯಿಂದ ಹೊರಗಿರುವ ಹೊತ್ತೇ ಜಾಸ್ತಿ. 1963ರ ಕಾರ್ಯಕ್ರಮದಲ್ಲಿ ಎರಡು ಮನೆ, ಎರಡೂವರೆ ಮನೆ ಕಿವಿಗೆ ಚೆನ್ನಾಗಿ ಕೂತಿದ್ದರೆ, ಅವರು ಯಾವುದರಿಂದ ಹೊರಗೆ ಹೋಗುತ್ತಿದ್ದಾರೆ ಅನ್ನುವುದನ್ನು ಹಿಂಬಾಲಿಸಬಹುದು.